ಆರು ವರ್ಷದ ಕತ್ತುನೋವು, ಜೊತೆಗೆ ತಲೆನೋವು: ನನಗೆ ಯಾವುದು ಕೈಹಿಡಿಯಿತು, ಯಾವುದು ಹಿಡಿಯಲಿಲ್ಲ

ಕರಡಚ್ಚು (ಮೈಸೂರು)

ನಾನು ಪುಸ್ತಕಗಳ ಕರಡು ತಿದ್ದುವವಳು. ವಯಸ್ಸು 49, ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ. ಕತ್ತುನೋವು ಶುರುವಾಗಿ ಆರು ವರ್ಷವಾಯಿತು. ಬಲಗಡೆ, ತಲೆಬುರುಡೆ ಮುಗಿದು ಕತ್ತು ಶುರುವಾಗುವ ಅಂಚಿನಲ್ಲಿ ಹೆಬ್ಬೆರಳು ಒತ್ತಿದರೆ ಒಂದು ಗಂಟು ಸಿಗುತ್ತಿತ್ತು. ಅಲ್ಲಿಂದ ಹೊರಟ ನೋವು ಕಿವಿಯ ಮೇಲೆ ಹಾದು ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಎಡಗಡೆಗೆ ಒಮ್ಮೆಯೂ ಹೋದದ್ದಿಲ್ಲ. ತಿಂಗಳಲ್ಲಿ ಹದಿನಾಲ್ಕು, ಹದಿನೈದು ದಿನ ಹೀಗೇ ಕಳೆಯುತ್ತಿದ್ದವು.

ಮೊದಲ ನಾಲ್ಕು ವರ್ಷ ನಾನು ಮಾಡಿದ್ದನ್ನೆಲ್ಲ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಕೆಲವರಾದರೂ ಈಗ ಅದೇ ದಾರಿಯಲ್ಲಿರಬಹುದು. ಎಣ್ಣೆ ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟೆ, ಮೂರು ಬಗೆಯ ದಿಂಬು ಕೊಂಡೆ. ಎಕ್ಸರೇ ತೆಗೆಸಿದಾಗ ‘ಕತ್ತಿನ ಮೂಳೆ ಸವೆದಿದೆ’ ಎಂದರು. ನನಗೆ ಅತಿ ಹೆಚ್ಚು ಕೆಡುಕು ಮಾಡಿದ್ದು ಆ ಒಂದು ಮಾತು. ಸವೆದದ್ದನ್ನು ಇನ್ನಷ್ಟು ಸವೆಸಬಾರದೆಂದು ಕತ್ತು ತಿರುಗಿಸುವುದನ್ನೇ ಬಿಟ್ಟೆ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ. ಮೂರು ತಿಂಗಳು ಕತ್ತಿಗೆ ಆಸರೆಯ ಕಾಲರ್ ತೊಟ್ಟೆ. ತೊಟ್ಟಾಗ ಹಾಯೆನಿಸುತ್ತಿತ್ತು, ಬಿಚ್ಚಿದರೆ ತಲೆ ಹೊರಲಾರದಷ್ಟು ಭಾರ.

ಕೈಹಿಡಿದದ್ದು ಇವು. ಅಪ್ಪನ ಪೂಜಾಕೋಣೆಯಲ್ಲಿ ಧೂಳು ಹಿಡಿದಿದ್ದ ವ್ಯಾಸಪೀಠವನ್ನು ತಂದು ಮೇಜಿನ ಮೇಲಿಟ್ಟೆ, ಕರಡಿನ ಹಾಳೆಯನ್ನು ಅದರ ಮೇಲೆ ಹರಡಿಕೊಂಡೆ. ಹಾಳೆ ಕಣ್ಣಿನತ್ತ ಎದ್ದು ಬಂತು, ನಾನು ಅದರತ್ತ ಬಾಗುವುದು ತಪ್ಪಿತು. ಹಿಂದಿನವರು ಇಡೀ ಮಹಾಭಾರತವನ್ನು ಕೂತು ಓದುತ್ತಿದ್ದದ್ದು ಆ ಪೀಠದ ಮೇಲೇ ಅಲ್ಲವೇ, ಇಷ್ಟು ದಿನ ನನಗೇಕೆ ಹೊಳೆಯಲಿಲ್ಲವೋ. ಎರಡನೆಯದು ಕನ್ನಡಕ. ನನ್ನದು ದೂರಕ್ಕೂ ಹತ್ತಿರಕ್ಕೂ ಒಂದೇ ಆದ ಪ್ರೋಗ್ರೆಸಿವ್ ಗಾಜು. ಹತ್ತಿರದ್ದನ್ನು ನೋಡುವ ಭಾಗ ಕೆಳಗಿರುತ್ತದೆ. ಕಂಪ್ಯೂಟರ್ ಪರದೆ ನೋಡಲು ನನಗರಿವಿಲ್ಲದೆ ಗದ್ದ ಮೇಲೆತ್ತುತ್ತಿದ್ದೆ, ಹಿಂದಲೆ ಕತ್ತಿನ ಮೇಲೆ ಕುಕ್ಕರಿಸುತ್ತಿತ್ತು. ಕಣ್ಣಿನಿಂದ ಪರದೆಗೆ ಟೇಪು ಹಿಡಿದು ಅಳೆದೆ, 62 ಸೆಂಟಿಮೀಟರ್. ಆ ದೂರಕ್ಕೆಂದೇ ಬೇರೊಂದು ಕನ್ನಡಕ ಮಾಡಿಸಿಕೊಂಡೆ. ಮೂರನೆಯದು ವ್ಯಾಯಾಮ. ಅದನ್ನು ಕಲಿಸಿದ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ‘ಆರು ವಾರ ಏನೂ ಆಗದಿದ್ದರೂ ಬಿಡಬೇಡಿ’ ಎಂದಿದ್ದರು. ಏಳನೆಯ ವಾರದಲ್ಲಿ ವ್ಯತ್ಯಾಸ ಕಂಡಿತು. ಐದನೆಯ ತಿಂಗಳ ಹೊತ್ತಿಗೆ ತಲೆನೋವಿನ ದಿನಗಳು ಮೂರು ನಾಲ್ಕಕ್ಕೆ ಇಳಿದವು.

ಇನ್ನೊಂದು ಮಾತು. ಮೊದಲು ಹದಿನಾರು ಪುಟದ ಒಂದು ಫಾರಂ ಮುಗಿಯುವವರೆಗೆ ಮೇಲೇಳುತ್ತಿರಲಿಲ್ಲ. ಈಗ ನಾಲ್ಕು ಪುಟಕ್ಕೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬರುತ್ತೇನೆ. ತಪ್ಪುಗಳೂ ಮೊದಲಿಗಿಂತ ಚೆನ್ನಾಗಿ ಕಣ್ಣಿಗೆ ಬೀಳುತ್ತಿವೆ.

ಸೂಜಿದಾರ (ದೊಡ್ಡಬಳ್ಳಾಪುರ)

ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಕೆಲಸ. ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲು, ತಲೆ ಯಾವಾಗಲೂ ಸೂಜಿಯ ಮೇಲೆ. ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ, ನಾನು ಎದ್ದರೆ ಲೈನು ನಿಲ್ಲುತ್ತದೆ. ನಾಲ್ಕು ಪುಟಕ್ಕೊಮ್ಮೆ ಎದ್ದು ಓಡಾಡುವುದು ನಮಗೆ ಸಾಧ್ಯವಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ತಲೆ ಸಿಡಿಯುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಭಾನುವಾರ ಬಿಟ್ಟರೆ ಹೆಚ್ಚುಕಡಿಮೆ ದಿನವೂ. ನಮ್ಮಂಥವರಿಗೆ ಏನಾದರೂ ದಾರಿಯಿದೆಯೇ?

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ಇದೆ ತಂಗಿ. ನಿಮಗೆ ಉತ್ತರಿಸುವ ಮುನ್ನ ಕತ್ತಿನ ನೋವು ಕಣ್ಣಿನ ಹಿಂದೆ ಏಕೆ ಬರುತ್ತದೆ ಎಂಬುದನ್ನು ಹೇಳುತ್ತೇನೆ. ನನ್ನ ಬಳಿ ಬರುವವರಲ್ಲಿ ಅನೇಕರು ಕಣ್ಣು, ಸೈನಸ್ ಎಂದೆಲ್ಲ ಪರೀಕ್ಷೆ ಮಾಡಿಸಿಕೊಂಡು ದಣಿದಿರುತ್ತಾರೆ.

ಕತ್ತಿನ ಮೇಲ್ತುದಿಯಿಂದ ಹೊರಡುವ ಮೊದಲ ಮೂರು ಜೋಡಿ ನರಗಳೂ, ಹಣೆ ಮತ್ತು ಕಣ್ಣಿನ ಸುತ್ತಲಿನ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರವೂ ಮಿದುಳುಕಾಂಡದ ಕೆಳಗೆ ಒಂದೇ ಕೇಂದ್ರಕ್ಕೆ ಬಂದು ಸೇರುತ್ತವೆ. ಎರಡು ಊರಿನ ಟಪಾಲು ಒಂದೇ ಅಂಚೆಚೀಲಕ್ಕೆ ಬಿದ್ದ ಹಾಗೆ. ಕತ್ತಿನಿಂದ ಬಂದದ್ದನ್ನು ಮಿದುಳು ಹಣೆಯದೆಂದು ಓದಿಕೊಳ್ಳುತ್ತದೆ. ಕರಡಚ್ಚು ಅವರು ಬರೆದ ಲಕ್ಷಣಗಳು, ಅಂದರೆ ಒಂದೇ ಪಕ್ಕ, ಕತ್ತಿನಿಂದಲೇ ಶುರು, ಒತ್ತಿದರೆ ಅದೇ ನೋವು ಮರುಕಳಿಸುವುದು, ಇವು ಕತ್ತಿನ ಮೂಲದ ತಲೆನೋವಿನವು. ಎಲ್ಲ ತಲೆನೋವೂ ಇದಲ್ಲ, ಅದನ್ನು ಮರೆಯಬೇಡಿ.

‘ಸವೆದಿದೆ’ ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು. 2015ರಲ್ಲಿ ಜಪಾನಿನ ವೈದ್ಯರು ಯಾವ ನೋವೂ ಇಲ್ಲದ 1211 ಜನರ ಕತ್ತಿನ ಎಂಆರ್‌ಐ ಪ್ರಕಟಿಸಿದರು. ಅವರಲ್ಲಿ ಶೇ 87.6 ಜನರಿಗೆ ಡಿಸ್ಕ್, ಅಂದರೆ ಕತ್ತಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಿಗೆ ಇತ್ತು. ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣ ಎಂದು ನಂಬಿ ಕತ್ತನ್ನು ಬಿಗಿಹಿಡಿದವರು ನನ್ನ ಮುಂದೆ ಕೂತಾಗ ನಿಜಕ್ಕೂ ಸಂಕಟವಾಗುತ್ತದೆ.

ಭಂಗಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನನ್ನ ವೃತ್ತಿಯ ಕೆಲವರಿಗೆ ಹಿಡಿಸುವುದಿಲ್ಲ. ಮೊಬೈಲ್ ನೋಡುತ್ತ ಕತ್ತು 60 ಡಿಗ್ರಿ ಬಾಗಿದರೆ 27 ಕಿಲೋ ಭಾರ ಬೀಳುತ್ತದೆ ಎಂಬ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಅದು 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆಯ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕ, ಮನುಷ್ಯರ ನೋವನ್ನು ಅಳೆದದ್ದಲ್ಲ. 2016ರಲ್ಲಿ ಆಸ್ಟ್ರೇಲಿಯಾದಲ್ಲಿ 17 ವರ್ಷದ 1108 ಮಕ್ಕಳ ಕೂರುವ ಭಂಗಿಯನ್ನು ಅಳೆದು ನೋಡಿದಾಗ, ಕತ್ತು ಮುಂದೆ ಚಾಚಿ ಕೂರುವವರಿಗೇ ನೋವು ಹೆಚ್ಚು ಎಂದು ಕಂಡುಬರಲಿಲ್ಲ. ಬಾಗುವುದು ಪಾಪವಲ್ಲ. ಒಂದೇ ಬಾಗಿನಲ್ಲಿ ತಾಸುಗಟ್ಟಲೆ ಕದಲದೆ ಇರುವುದು, ಆ ಹೊರೆ ಹೊರುವಷ್ಟು ಸ್ನಾಯುವಿಗೆ ಕಸುವಿಲ್ಲದಿರುವುದು, ಇವೆರಡು ಕೂಡಿದಾಗ ಕತ್ತು ಕೂಗುತ್ತದೆ.

ಈಗ ನಿಮ್ಮ ವಿಷಯ. ಸ್ಟೂಲನ್ನು ನಾಲ್ಕು ಬೆರಳು ಮುಂದಕ್ಕೆಳೆದು ಹೊಟ್ಟೆ ಮೇಜಿಗೆ ಹತ್ತಿರವಾಗುವಂತೆ ಕೂರಿ, ಸೊಂಟದಿಂದ ಬಾಗಿ. ಸೀಟು ತಗ್ಗಾಗಿದ್ದರೆ ಹಳೆಯ ಬಟ್ಟೆ ಮಡಿಸಿ ಹಾಕಿ. ಹೊಸ ಬಂಡಲ್ ಎತ್ತಿಕೊಳ್ಳುವಾಗಲೆಲ್ಲ ಹೆಗಲನ್ನು ಒಮ್ಮೆ ಹಿಂದಕ್ಕೆ ಸುತ್ತಿ ಇಳಿಸಿ, ಕತ್ತನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಹತ್ತು ಸೆಕೆಂಡಿನ ಕೆಲಸ, ಲೈನು ನಿಲ್ಲುವುದಿಲ್ಲ.

ಮನೆಯಲ್ಲಿ ಎರಡು ನಿಮಿಷ ಕೊಡಿ. ನಿಜವಾಗಿ ಎರಡೇ ನಿಮಿಷ. 2011ರಲ್ಲಿ ಡೆನ್ಮಾರ್ಕಿನಲ್ಲಿ ಕತ್ತು, ಹೆಗಲುನೋವಿದ್ದ 198 ಜನರನ್ನು ಹತ್ತು ವಾರ ಗಮನಿಸಿದರು. ರಬ್ಬರ್ ಪಟ್ಟಿಯಿಂದ ದಿನಕ್ಕೆ ಎರಡು ನಿಮಿಷ, ವಾರಕ್ಕೆ ಐದು ದಿನ ವ್ಯಾಯಾಮ ಮಾಡಿದವರ ನೋವೂ ಹನ್ನೆರಡು ನಿಮಿಷ ಮಾಡಿದವರಂತೆಯೇ ತಗ್ಗಿತು. ಪಟ್ಟಿಯನ್ನು ಕಾಲಡಿ ಮೆಟ್ಟಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ತೋಳುಗಳನ್ನು ಪಕ್ಕಕ್ಕೆ, ತುಸು ಮುಂದಕ್ಕೆ ಹೆಗಲ ಮಟ್ಟದವರೆಗೆ ನಿಧಾನವಾಗಿ ಎತ್ತಿ ಇಳಿಸಬೇಕು. ಹೆಗಲು ಕಿವಿಯತ್ತ ಏರಬಾರದು.

ಆದರೆ ನೀವು ಬರೆದದ್ದರಲ್ಲಿ ನನ್ನನ್ನು ಕಾಡಿದ್ದು ಮಾತ್ರೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನೀವು ತಿಂಗಳಿಗೆ 25 ದಿನ ತೆಗೆದುಕೊಳ್ಳುತ್ತಿದ್ದೀರಿ. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಕೈಚೀಲದಲ್ಲಿಟ್ಟುಕೊಂಡು ಒಬ್ಬ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಕಡಿಮೆ ಮಾಡಿ. ಮೊದಲ ಒಂದೆರಡು ವಾರ ತಲೆನೋವು ಹೆಚ್ಚಬಹುದು. ಹೆದರಬೇಡಿ.

ಕಾನಂಚು (ಸಾಗರ)

ಓದುತ್ತಿದ್ದಂತೆ ಅಮ್ಮನ ನೆನಪಾಯಿತು. ಈ ಕಡೆ ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿ ಹತ್ತು ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂರುತ್ತಾಳೆ. ಮಣೆಯ ಮೇಲೆ ಒಂದು ಕಾಲು ಮಡಚಿ, ಕತ್ತು ಬಗ್ಗಿಸಿ, ಎಡಗೈಯಲ್ಲಿ ಕಾಯಿ ತಿರುಗಿಸುತ್ತ. ಬುಟ್ಟಿ ಬಲಕ್ಕೆ, ಸುಲಿದ ಬೇಳೆ ಬೀಳುವ ಡಬ್ಬ ಎಡಕ್ಕೆ. ಜಾಗ ಒಂದೇ ಒಂದು ಸಲ ಬದಲಾಗುವುದಿಲ್ಲ. ಎರಡು ತಿಂಗಳು ಹೀಗೆ. ಹಿಂದಲೆಯಲ್ಲಿ ಸುತ್ತಿಗೆ ಹೊಡೆದಂತೆ ಆಗುತ್ತದೆ ಎನ್ನುತ್ತಾಳೆ. 63 ವರ್ಷ. ‘ಇದೆಲ್ಲ ಸುಲಿಗೆ ಮುಗಿದ ಮೇಲೆ ತಾನೇ ಹೋಗುತ್ತದೆ’ ಎಂಬುದು ಅವಳ ಮಾತು. ಹಿಂದೆಲ್ಲ ಹೋಗುತ್ತಿತ್ತು ಕೂಡ. ಈ ಸಲ ಯುಗಾದಿ ಕಳೆದರೂ ಹೋಗಿಲ್ಲ.

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ಕಾನಂಚು ಅವರೇ, ತಾಯಿಯವರನ್ನು ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ. ಐವತ್ತು ದಾಟಿದವರಲ್ಲಿ ತಲೆನೋವಿನ ಬಗೆ ಬದಲಾದರೆ ಅದನ್ನು ಕತ್ತಿನ ಲೆಕ್ಕಕ್ಕೆ ಸುಮ್ಮನೆ ಹಾಕಬಾರದು. ಅಗಿಯುವಾಗ ದವಡೆ ನೋಯುತ್ತದೆಯೇ, ಹಣೆಯ ಬದಿ, ತಲೆಯ ಚರ್ಮ ಮುಟ್ಟಿದರೆ ನೋವೇ, ದೃಷ್ಟಿ ಮಸುಕಾಗುತ್ತದೆಯೇ ಎಂದು ಕೇಳಿ. ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಬೇಕು, ಕಣ್ಣಿಗೆ ಅಪಾಯವಿರುವ ಕಾಯಿಲೆಯೊಂದು ಹೀಗೆ ಬರುತ್ತದೆ. ರಕ್ತದೊತ್ತಡವನ್ನೂ ನೋಡಿಸಿ.

ಅಂಥದ್ದೇನೂ ಇಲ್ಲ ಎಂದಾದರೆ, ಮುಂದಿನ ಸುಲಿಗೆಗೆ ಬುಟ್ಟಿ ಡಬ್ಬಗಳ ಪಕ್ಕವನ್ನು ಗಂಟೆಗೊಮ್ಮೆ ಅದಲುಬದಲು ಮಾಡಿಸಿ.

ನೇರನುಡಿ (ದಾವಣಗೆರೆ)

ಇಷ್ಟೆಲ್ಲ ಏಕೆ? ನಾನು ಹದಿನೈದು ದಿನಕ್ಕೊಮ್ಮೆ ಕ್ಷೌರ ಮಾಡಿಸಿದಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತನ್ನು ಲಟಕ್ಕನೆ ತಿರುಗಿಸಿಕೊಳ್ಳುತ್ತೇನೆ. ತಲೆ ಹಗುರವಾಗುತ್ತದೆ. ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ.

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ಅಣ್ಣ, ಕೈಮುಗಿದು ಕೇಳುತ್ತೇನೆ, ನಿಲ್ಲಿಸಿ. ಆ ಶಬ್ದ ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿನ ಅನಿಲದ್ದು. ಹಗುರವೆನಿಸುವುದು ನಿಜ, ಅದು ಕೆಲ ಗಂಟೆಗಳ ಮಾತು. ಕತ್ತಿನ ಮೂಳೆಗಳ ಪಕ್ಕದ ರಂಧ್ರಗಳೊಳಗಿಂದಲೇ ಎರಡು ಧಮನಿಗಳು ಮಿದುಳಿಗೆ ರಕ್ತ ಒಯ್ಯುತ್ತವೆ. ಹಠಾತ್ತನೆ ತಿರುಚಿದಾಗ ಅವುಗಳ ಒಳಪದರ ಹರಿದು, ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆದವರಿಗೆ ಜೀವನವೇ ಮಗುಚಿ ಬೀಳುತ್ತದೆ. ತರಬೇತಿ ಪಡೆದವರೂ ಪರೀಕ್ಷಿಸದೆ ಮಾಡದ ಕೆಲಸವನ್ನು ಕ್ಷೌರದ ಕುರ್ಚಿಯಲ್ಲಿ ಮಾಡಿಸಿಕೊಳ್ಳಬೇಡಿ.

ನೇರನುಡಿ (ದಾವಣಗೆರೆ)

ಧಮನಿಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಗನೂ ಅಭ್ಯಾಸ ಮಾಡಿಕೊಂಡಿದ್ದಾನೆ. ಅವನಿಗೂ ಹೇಳುತ್ತೇನೆ.

ಹೊಂಬಾಳೆ (ಪುಣೆ)

ಕರಡಚ್ಚು ಮೇಡಂ, ನೀವು ಕಲಿತ ವ್ಯಾಯಾಮ ಯಾವುದೆಂದು ದಯವಿಟ್ಟು ಬಿಡಿಸಿ ಬರೆಯಿರಿ. ನಾನು ವಿಡಿಯೊ ನೋಡಿ ಗದ್ದ ಒಳಕ್ಕೆಳೆಯುವ ವ್ಯಾಯಾಮವನ್ನು ಎರಡು ವಾರ ಮಾಡಿದೆ, ಇನ್ನೂ ಹೆಚ್ಚಾಯಿತು.

ಕರಡಚ್ಚು (ಮೈಸೂರು)

ನಾನೂ ಮೊದಲು ತಪ್ಪಾಗಿಯೇ ಮಾಡಿದ್ದೆ. ಶಕ್ತಿ ಹಾಕಿ ಮಾಡುತ್ತಿದ್ದೆ, ಅಲ್ಲೇ ಎಡವಿದ್ದು.

ಅಂಗಾತ ಮಲಗಿ, ಮೊಣಕಾಲು ಮಡಚಿ. ತಲೆಯ ಕೆಳಗೆ ತೆಳುವಾಗಿ ಮಡಿಸಿದ ಟವೆಲ್ ಸಾಕು. ಈಗ ಎಡಗೈಯ ಎರಡು ಬೆರಳುಗಳನ್ನು ಕತ್ತಿನ ಪಕ್ಕದಲ್ಲಿಡಿ. ತಲೆಯನ್ನು ಓರೆ ತಿರುಗಿಸಿದರೆ ಕಿವಿಯ ಹಿಂದಿನಿಂದ ಎದೆಮೂಳೆಗೆ ಹಗ್ಗದಂತೆ ಎದ್ದು ನಿಲ್ಲುತ್ತದಲ್ಲ, ಆ ಸ್ನಾಯುವಿನ ಮೇಲೆ. ತಲೆಯನ್ನು ಮತ್ತೆ ನೇರ ಮಾಡಿ. ಮೆಲ್ಲಗೆ ‘ಹೌದು’ ಎಂದು ತಲೆದೂಗುವ ಹಾಗೆ ಗದ್ದವನ್ನು ಗಂಟಲಿನತ್ತ ತನ್ನಿ. ಹಿಂದಲೆ ಟವೆಲಿನ ಮೇಲೆ ಒಂದು ಬೆರಳಿನಷ್ಟು ಮೇಲಕ್ಕೆ ಜಾರುತ್ತದೆ. ತಲೆ ಎತ್ತಬಾರದು, ಟವೆಲನ್ನು ಒತ್ತಲೂ ಬಾರದು. ಬೆರಳ ಕೆಳಗಿನ ಹಗ್ಗ ಮೆತ್ತಗೇ ಇರಬೇಕು. ಅದು ಗಟ್ಟಿಯಾದರೆ ಬೇಡದ ಸ್ನಾಯು ಕೆಲಸ ಕಸಿದುಕೊಂಡಿತೆಂದು ಅರ್ಥ, ಇನ್ನೂ ಕಡಿಮೆ ತೂಗಿ. ಹತ್ತು ಸೆಕೆಂಡು ನಿಲ್ಲಿಸಿ, ಉಸಿರು ಆಡುತ್ತಿರಲಿ, ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು.

ಮೊದಲ ದಿನ ನನಗೆ ಮೂರು ಸೆಕೆಂಡಿಗೇ ಕತ್ತು ಗಡಗಡ ನಡುಗಿತು. ಹಗ್ಗ ಮೆತ್ತಗಿಟ್ಟುಕೊಂಡು ಹತ್ತು ಸೆಕೆಂಡು ನಿಲ್ಲಿಸಲು ಹದಿನೆಂಟು ದಿನ ಹಿಡಿಯಿತು. ಯಾವ ಬೆವರೂ ಬರದ ಇಷ್ಟು ಸಣ್ಣ ಚಲನೆಯಿಂದ ಏನಾದೀತು ಎನಿಸುತ್ತದೆ. ನನಗೂ ಎನಿಸಿತ್ತು.

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ಮೇಡಂ ಬರೆದದ್ದು ಸರಿಯಾಗಿದೆ. ಇದು ಕತ್ತಿನ ಆಳದಲ್ಲಿ, ಮೂಳೆಗೆ ಅಂಟಿಕೊಂಡಿರುವ ಸ್ನಾಯುಗಳಿಗೆಂದು ರೂಪಿಸಿದ ವ್ಯಾಯಾಮ. ಆಸ್ಟ್ರೇಲಿಯಾದ ಗ್ವೆಂಡೊಲಿನ್ ಜಲ್ ಮತ್ತು ಸಂಗಡಿಗರು 2002ರಲ್ಲಿ ಕತ್ತಿನ ಮೂಲದ ತಲೆನೋವಿದ್ದ 200 ಜನರ ಮೇಲೆ ಪರೀಕ್ಷಿಸಿದರು. ಆರು ವಾರದ ವ್ಯಾಯಾಮದಿಂದ ತಗ್ಗಿದ ತಲೆನೋವು ಹನ್ನೆರಡು ತಿಂಗಳ ನಂತರ ನೋಡಿದಾಗಲೂ ತಗ್ಗಿಯೇ ಇತ್ತು.

ಹೊಂಬಾಳೆಯವರೇ, ‘ಹೆಚ್ಚಾಯಿತು’ ಎಂದಿರಿ. ಎಲ್ಲಿ ಹೆಚ್ಚಾಯಿತು? ಕತ್ತಿನಲ್ಲೋ, ತೋಳಿನಲ್ಲೋ?

ಹೊಂಬಾಳೆ (ಪುಣೆ)

ಬಲತೋಳಿನಲ್ಲಿ, ಸರ್. ಹೆಬ್ಬೆರಳು, ತೋರುಬೆರಳು ಜುಮುಗುಟ್ಟುತ್ತವೆ. ರಾತ್ರಿ ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಮಾತ್ರ ನಿದ್ದೆ.

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ಹಾಗಾದರೆ ವ್ಯಾಯಾಮವನ್ನು ಇವತ್ತೇ ನಿಲ್ಲಿಸಿ ವೈದ್ಯರನ್ನು ಕಾಣಿ. ನರದ ಬೇರು ಒತ್ತಿಕೊಂಡಿರುವ ಲಕ್ಷಣ ಇದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ, ಆದರೆ ಒಬ್ಬರು ಮುಟ್ಟಿ ಪರೀಕ್ಷಿಸಲೇಬೇಕು. ಅಂಗಿಯ ಗುಂಡಿ ಹಾಕಲು ತೊಡಕು, ಕೈಯಿಂದ ವಸ್ತು ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ಇವು ಬಂದರೆ ಒಂದು ದಿನವೂ ಕಾಯಬೇಡಿ. ಜ್ವರದ ಜೊತೆ ಕತ್ತು ಸೆಟೆದರೂ, ಸಿಡಿಲು ಬಡಿದಂತೆ ಒಮ್ಮೆಗೇ ತಲೆನೋವು ಎರಗಿದರೂ, ಬಿದ್ದು ಪೆಟ್ಟಾದ ಮೇಲೆ ನೋವು ಬಂದರೂ ಅಷ್ಟೇ, ನೇರ ಆಸ್ಪತ್ರೆಗೆ.

ಬಿಳಿಮುಗಿಲು (ಮಂಗಳೂರು)

ನನ್ನ ಅನುಭವ ಬೇರೆ, ಅದಕ್ಕೂ ಇಲ್ಲಿ ಜಾಗವಿರಲಿ. ಮೂರು ತಿಂಗಳು ನಿಷ್ಠೆಯಿಂದ ಕತ್ತಿನ ವ್ಯಾಯಾಮ ಮಾಡಿದೆ. ಕತ್ತು ಸಡಿಲವಾಯಿತು, ತಲೆನೋವು ಹೋಗಲಿಲ್ಲ. ನನ್ನಿಂದಲೇ ಏನೋ ತಪ್ಪಾಗುತ್ತಿದೆ ಎಂದು ಕೊರಗಿದೆ. ಕೊನೆಗೆ ನರರೋಗ ತಜ್ಞರು ಕೇಳಿದ್ದು ಮೂರೇ ಪ್ರಶ್ನೆ: ವಾಕರಿಕೆ ಬರುತ್ತದೆಯೇ, ಬೆಳಕು ಚುಚ್ಚುತ್ತದೆಯೇ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆಯೇ. ಮೂರಕ್ಕೂ ಹೌದು. ಅದು ಮೈಗ್ರೇನ್. ಕತ್ತುನೋವು ಮೈಗ್ರೇನಿನ ಜೊತೆಗೇ ಬರುವುದು ಬಹಳ ಸಾಮಾನ್ಯವಂತೆ, ಅದನ್ನೇ ಕಾರಣವೆಂದು ಹಿಡಿದು ನಾನು ವರ್ಷಗಳನ್ನು ಕಳೆದೆ. ನಿಮ್ಹಾನ್ಸ್‌ನವರು ಬೆಂಗಳೂರಿನ ನಗರ, ಹಳ್ಳಿಗಳ 2329 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಅಷ್ಟೊಂದು ಜನರಿದ್ದೇವೆ. ಈಗ ತಡೆಗಟ್ಟುವ ಔಷಧಿ ತೆಗೆದುಕೊಳ್ಳುತ್ತೇನೆ, ದಿನವೂ ನಲವತ್ತು ನಿಮಿಷ ನಡೆಯುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ವ್ಯಾಯಾಮವನ್ನೂ ಬಿಟ್ಟಿಲ್ಲ, ಕತ್ತಿಗೆ ಅದು ಬೇಕೇ ಬೇಕು.

ಕರಡಚ್ಚು (ಮೈಸೂರು)

ಬಿಳಿಮುಗಿಲು, ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ಕೊರಗಿದ್ದೆನೆಂದಿರಲ್ಲ, ಅದು ಮನಸ್ಸಿಗೆ ತಟ್ಟಿತು. ಕಾಲರ್ ಬಿಚ್ಚಲಾರದ ದಿನಗಳಲ್ಲಿ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಕಾನಂಚು (ಸಾಗರ)

ಅಮ್ಮನನ್ನು ತೋರಿಸಿ ಬಂದೆವು. ದವಡೆ, ಕಣ್ಣು ಎಲ್ಲ ಸರಿಯಾಗಿದೆ, ರಕ್ತಪರೀಕ್ಷೆಯೂ ಸರಿ. ರಕ್ತದೊತ್ತಡ ಮಾತ್ರ ಹೆಚ್ಚಿತ್ತು, ಅದಕ್ಕೆ ಮಾತ್ರೆ ಶುರುವಾಗಿದೆ. ಕತ್ತು ಬಲಕ್ಕೆ ಅರ್ಧವೂ ತಿರುಗುತ್ತಿರಲಿಲ್ಲ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಈಗ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತು, ಬಿಸಿನೀರು ಕಾಯುವಷ್ಟು ಹೊತ್ತು ಕತ್ತನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸುತ್ತಾಳೆ. ಪ್ರತ್ಯೇಕ ಹೊತ್ತು ಎಂದರೆ ಅವಳು ಮಾಡುವವಳಲ್ಲ.

ಸೂಜಿದಾರ (ದೊಡ್ಡಬಳ್ಳಾಪುರ)

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ವೈದ್ಯರಿಗೆ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ತೋರಿಸಿದೆ. ಅವರು ಮಾತ್ರೆ ನಿಲ್ಲಿಸಿದರು. ಮೊದಲ ಒಂಬತ್ತು ದಿನ ನರಕ. ಒಂದು ದಿನ ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ಹತ್ತನೆಯ ದಿನದಿಂದ ಇಳಿಯಿತು. ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೊಂದು ಗೆರೆ ಎಳೆಯುತ್ತೇನೆ. ಈ ತಿಂಗಳು ಎಂಟು ಗೆರೆ, ಮಾತ್ರೆ ತೆಗೆದುಕೊಂಡದ್ದು ಎರಡು ದಿನ. ರಬ್ಬರ್ ಪಟ್ಟಿಯನ್ನು ಬುತ್ತಿಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಉಂಡ ಮೇಲೆ ಕೈತೊಳೆಯುವ ನಲ್ಲಿಯ ಪಕ್ಕ ನಿಂತು ಮಾಡುತ್ತೇನೆ. ನಮ್ಮ ಲೈನಿನ ಐವರು ಈಗ ಜೊತೆಗಿದ್ದಾರೆ, ಒಂದೇ ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ.

ಅಣ್ಣ, ನನ್ನದು ಹಳದಿ ಪಟ್ಟಿ. ಈಗ ಇಪ್ಪತ್ತು ಸಲ ಎತ್ತಿದರೂ ಏನೂ ಎನಿಸುವುದಿಲ್ಲ. ಮುಂದೇನು ಮಾಡಲಿ?

ಕಟ್ಟುಪಟ್ಟಿ (ಫಿಸಿಯೋಥೆರಪಿಸ್ಟ್, ಧಾರವಾಡ)

ತಂಗಿ, ಓದಿ ಮನಸ್ಸು ತುಂಬಿತು. ಪಟ್ಟಿಯ ಬಣ್ಣ ಅದರ ಬಿಗಿಯ ಗುರುತು. ಹಳದಿಯ ನಂತರ ಸಾಮಾನ್ಯವಾಗಿ ಕೆಂಪು, ಆಮೇಲೆ ಹಸಿರು. ಕೆಂಪು ಪಟ್ಟಿಯಲ್ಲಿ ಮತ್ತೆ ಎಂಟು ಹತ್ತು ಸಲದಿಂದ ಶುರುಮಾಡಿ. ಮಾರನೆಯ ದಿನ ಹೆಗಲಿನಲ್ಲಿ ಸಣ್ಣಗೆ ಮೈಕೈನೋವಿನಂತೆ ಆದರೆ ಸರಿಯೇ, ತಲೆನೋವು ಬಂದರೆ ಒಂದು ವಾರ ಹಳದಿಗೆ ಮರಳಿ. ಆ ಹಳದಿ ಪಟ್ಟಿಯನ್ನು ಎಸೆಯಬೇಡಿ, ಹೊಸದಾಗಿ ಸೇರುವ ಗೆಳತಿಯರಿಗೆ ಅದೇ ಬೇಕು. ನಡುವೆ ಎಲ್ಲಾದರೂ ಸೀಳು ಬಿಟ್ಟಿದೆಯೇ ಎಂದು ಮಾತ್ರ ಪ್ರತಿ ಸಲ ಎಳೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿಕೊಳ್ಳಿ, ಕಿತ್ತು ಬಂದರೆ ಕಣ್ಣಿಗೆ ಬಡಿಯುತ್ತದೆ.